ಮಾನವಕೃತ ವಸ್ತು: ಅದರ ಲಕ್ಷಣ ಮತ್ತು ಕೆಲವು ಪ್ರಭೇದಗಳು

ಇತಿಹಾಸದ ಆಧಾರಗಳೆಂದರೆ ಶಾಸನ, ನಾಣ್ಯ, ಗ್ರಂಥ ಮತ್ತು ವಿದೇಶೀ ಪ್ರವಾಸಿಗಳ ಬರಹಗಳು ಎಂದು ನಮ್ಮ ಕಾಲೇಜುಗಳಲ್ಲಿ ಮೊದಲ ಪಾಠದಲ್ಲಿಯೇ ಹೇಳಿಕೊಡುವುದು ವಾಡಿಕೆ. ಸಹಸ್ರಾರು ಶಾಸನಗಳನ್ನುಳ್ಳ ಕನ್ನಡನಾಡಿನ ಮಟ್ಟಿಗೆ ಇದು ಸಹಜವೇ ಆಗಿದೆ. ಆದರೆ ಈ ನಾಡಿನ ಅತ್ಯಂತ ಪ್ರಾಚೀನ ಶಾಸನಗಳೆನಿಸಿದ ಅಶೋಕನ ಶಾಸನಗಳು ಕ್ರಿ.ಪೂ. ಮೂರನೆಯ ಶತಮಾನದವು. ಮನುಷ್ಯನ ಪೂರ್ವಜರಾದರೋ ಇಲ್ಲಿ ಹತ್ತು ಲಕ್ಷ ವರ್ಷಗಳಿಗೂ ಹಿಂದೆಯೇ ನೆಲೆಸಿದ್ದರೆಂದು ಈಚಿನ ಸಂಶೋಧನೆಗಳಿಂದ ತಿಳಿದುಬಂದಿದೆ. ಈ ಎರಡರ ನಡುವಣ ದೀರ್ಘಕಾಲದ ವಿಷಯದಲ್ಲಿ ಅಕ್ಷರದ ಸಾಕ್ಷ್ಯವೆಂಬುದೇ ಇಲ್ಲ. ಅಲ್ಲಿ ಇತಿಹಾಸಕಾರನಿಗೆ ದೊರೆಯುವುದು ಕಲ್ಲು, ಮೂಳೆ, ಬೂದಿ ಮತ್ತು ಮಡಕೆಯ ಚೂರು. ಇವುಗಳಲ್ಲಿ ಮನುಷ್ಯನಿಂದಾದುದು ಯಾವುದು, ಪ್ರಕೃತಿಯಿಂದಾದುದು ಯಾವುದು ಎಂಬ ಪ್ರಶ್ನೆ ತೀರ್ಮಾನವಾಗದೆ ಮುಂದಿನ ಯಾವ ಪ್ರಶ್ನೆಯನ್ನೂ ಎತ್ತುವಂತಿಲ್ಲ. ಪ್ರಕೃತ ಲೇಖನದಲ್ಲಿ ನಾವು ಈ ಮೊದಲ ಪ್ರಶ್ನೆಯನ್ನು, ಹೆಚ್ಚಾಗಿ ಕರ್ನಾಟಕದ ನಿದರ್ಶನಗಳನ್ನು ಮುಂದಿಟ್ಟುಕೊಂಡು, ವಿವೇಚಿಸಲು ಯತ್ನಿಸುತ್ತೇವೆ.

೧೮೬೩ನೆಯ ಇಸವಿ ಮೇ ೩೦ರಂದು ಭಾರತೀಯ ಭೂವಿಜ್ಞಾನ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್ ಅವರಿಗೆ ಮದರಾಸಿನ ಸಮೀಪದ ಪಲ್ಲಾವರದಲ್ಲಿ, ಜಂಬಿಟ್ಟಿಗೆಯ ಗರಸಿನ ನಡುವೆ ಒಂದು ಕಲ್ಲು ದೊರೆಯಿತು. ಭಾರತದ ಪ್ರಾಚೀನ ಶಿಲಾಯುಗದ ಅಧ್ಯಯನವು ಆ ದಿನ ಆರಂಭವಾಯಿತೆಂದು ಹೇಳುವುದು ರೂಢಿ. ಆ ಗರಸಿನಲ್ಲಿ ಕಲ್ಲುಗಳಿಗೆ ಬರವಿರಲಿಲ್ಲ. ಅವುಗಳಲ್ಲಿ ಇದೊಂದು ಮಾತ್ರ ಮನುಷ್ಯನ ಕೈಯಿಂದ ಆದುದೆಂದು ಅವರು ಗುರುತಿಸಲು ಸಾಧ್ಯವಾದುದು ಹೇಗೆ? ಫ್ರಾನ್ಸಿನ ಸೊಮ್ಮ್ ನದಿಯ ಕಣಿವೆಯಲ್ಲಿ ಬೂಶೆ ದ ಪೆರ್ಥ್ ಅವರು ಸಂಗ್ರಹಿಸಿದ್ದ ಕಲ್ಲಿನ ಕೊಡಲಿಗಳು ನಿಜಕ್ಕೂ ಪ್ರಾಚೀನ ಮಾನವನವೆಂದು ಇಂಗ್ಲೆಂಡಿನ ವಿದ್ವಾಂಸರು ಒಪ್ಪಿಕೊಂಡುದು ೧೮೫೯ರಲ್ಲಿ. ಆ ವಾರ್ತೆ ಫೂಟ್ ಅವರಿಗೆ ತಿಳಿದಿತ್ತು. ಏನನ್ನು ಹುಡುಕಬೇಕೆಂಬುದು ಗೊತ್ತಿದ್ದುದರಿಂದಲೇ ಅದು ಅವರ ಕಣ್ಣಿಗೆ ಬಿದ್ದಿತು. ಅದೇ ಗರಸನ್ನು ಅವರಿಗಿಂತ ಮೊದಲು ಎಷ್ಟು ಮಂದಿ ತುಳಿದಿದ್ದರೋ ಹೇಳಬರುವಂತಿಲ್ಲ.

ಮೊದಲಿಗೆ ಪರಿಭಾಷೆಯನ್ನು ಕುರಿತು ಒಂದು ಮಾತು. ಇಂಥ ವಸ್ತುವನ್ನು ಕೆಲವರು ‘ಕೃತಕವಸ್ತು’ ಎಂದು ಬರೆಯುತ್ತಾರೆ. ಶಬ್ದಾರ್ಥದ ದೃಷ್ಟಿಯಿಂದ ಅದು ತಪ್ಪಲ್ಲ. ಆದರೆ ಬಳಕೆಯ ಕನ್ನಡದಲ್ಲಿ ‘ಕೃತಕ’ವೆಂದರೆ ನಿಜವಲ್ಲದ್ದು, ತೋರಿಕೆಯದು ಎಂಬ ಅರ್ಥ ನಿಂತುಬಿಟ್ಟಿದೆ, ವಿದ್ಯಾರ್ಥಿಗಳು ‘ಕೃತಕ ಕೊಡಲಿ’ಯೆಂದರೆ ನಕಲಿ ಕೊಡಲಿಯೆಂದು ತಿಳಿದಾರು. ‘ಶಿಲಾಯುಧ’ವೆಂಬ ಪದವೂ ಪೂರ್ತಿಯಾಗಿ ಸಮರ್ಪಕವಲ್ಲ. ಚರ್ಮ ಹೆರೆಯುವ, ಗೆಡ್ಡೆ ಅಗೆಯುವ, ಕಾಳು ಅರೆಯುವ ಕಲ್ಲುಗಳು ಆಯುಧಗಳೆನಿಸಲಾರವು. ಆದಕಾರಣ ನಾವು ‘ಮಾನವಕೃತ ವಸ್ತು’ ಎಂಬ ಪದವನ್ನೂ, ಕೆಲಸಕ್ಕೆಂದು ಮಾಡಿದವುಗಳಿಗೆ ‘ಉಪಕರಣ’ ಎಂಬ ಪದವನ್ನೂ ಇಲ್ಲಿ ಬಳಸುತ್ತೇವೆ.

ಮಾನವಕೃತ ವಸ್ತುವೆಂದರೆ ಮನುಷ್ಯನು ಮಾಡಿದ, ಅಥವಾ ತನ್ನ ಕ್ರಿಯೆಯಿಂದ ರೂಪ ಬದಲಾಯಿಸಿದ ವಸ್ತು ಎಂದು ಸ್ಥೂಲವಾಗಿ ಹೇಳಬಹುದು. ಈ ಲಕ್ಷಣವು ಮೇಲುನೋಟಕ್ಕೆ ಸುಲಭವಾಗಿ ತೋರುತ್ತದೆ. ಆದರೆ ಪ್ರಯೋಗಿಸಲು ಹೊರಟರೆ ಮೂರು ಕಡೆ ತೊಡಕು ಬರುತ್ತದೆ. ಮೊದಲನೆಯದು: ಉದ್ದೇಶವಿಲ್ಲದೆ ಆದವು. ಕೊಡಲಿಯನ್ನು ಕೆತ್ತುವಾಗ ಉದುರುವ ಚಕ್ಕೆಗಳನ್ನು ಯಾರೂ ಬೇಕೆಂದು ಮಾಡಿದುದಲ್ಲ. ಆದರೂ ಅವು ಮನುಷ್ಯನ ಕ್ರಿಯೆಯಿಂದಲೇ ಆದವು, ಆದ್ದರಿಂದ ಮಾನವಕೃತವೇ. ಶಿಲಾಯುಗದ ನೆಲೆಗಳಲ್ಲಿ ಸಿದ್ಧ ಉಪಕರಣಗಳಿಗಿಂತ ಈ ಉಳಿಕೆಯೇ ಬಹುಪಾಲು ಅಧಿಕ. ಎರಡನೆಯದು: ಬಳಸಿದವು, ಆದರೆ ಮಾಡದೆ ಇದ್ದವು. ಹೊಳೆಯಿಂದ ಎತ್ತಿ ತಂದ ಗುಂಡುಕಲ್ಲಿನಿಂದ ಮೂಳೆಯನ್ನು ಜಜ್ಜಿದರೆ ಕಲ್ಲಿನ ಮೇಲೆ ಜಜ್ಜಿದ ಗುರುತು ಉಳಿಯುತ್ತದೆ. ಆ ಗುರುತೇ ಅದನ್ನು ಮಾನವಕೃತ ವಸ್ತುಗಳ ವರ್ಗಕ್ಕೆ ಸೇರಿಸುತ್ತದೆ. ಮೂರನೆಯದು: ಮಾಡಲೂ ಇಲ್ಲ, ಬಳಸಿದ ಗುರುತೂ ಇಲ್ಲ, ಕೇವಲ ಹೊತ್ತು ತಂದದ್ದು. ಆಫ್ರಿಕದ ಓಲ್ಡುವಾಯ್ ಕಮರಿಯ ಸಂಶೋಧನೆಯಲ್ಲಿ ಮೇರಿ ಲೀಕಿ ಅವರು ಇಂಥ ಕಲ್ಲುಗಳಿಗೆ ಪ್ರತ್ಯೇಕವಾಗಿಯೇ ಒಂದು ಹೆಸರಿಟ್ಟರು. ಕನ್ನಡದಲ್ಲಿ ಅವನ್ನು ‘ಒಯ್ಗಲ್ಲು’ಗಳೆನ್ನಬಹುದು. ದಕ್ಷಿಣ ಆಫ್ರಿಕದ ಮಕಪನ್ಸ್‌ಗಾಟ್ ಗುಹೆಯಲ್ಲಿ ೧೯೨೫ರಲ್ಲಿ ಸಿಕ್ಕಿದ ಕೆಂಪು ಬಣ್ಣದ ಒಂದು ನುಣುಗಲ್ಲು ಇದಕ್ಕೆ ಪ್ರಸಿದ್ಧ ನಿದರ್ಶನ. ಅದರ ಮೇಲೆ ಎರಡು ಕಣ್ಣು ಮತ್ತು ಬಾಯಿಯನ್ನು ಹೋಲುವ ಗುಳಿಗಳಿವೆ. ಅವನ್ನು ಮಾಡಿದ್ದು ಪ್ರಕೃತಿ. ಆದರೆ ಆ ಜಾತಿಯ ಶಿಲೆ ಗುಹೆಯ ಬಳಿ ಇಲ್ಲವಾದುದರಿಂದ ಯಾರೋ ಅದನ್ನು ದೂರದಿಂದ ತಂದಿರಬೇಕೆಂದು ಊಹಿಸಲಾಗಿದೆ. ಇಲ್ಲಿ ಸಾಕ್ಷಿಯಾಗಿರುವುದು ಕಲ್ಲಿನ ರೂಪವಲ್ಲ, ಅದು ಸಿಕ್ಕಿದ ಸ್ಥಳ. ಈ ಅಂಶವನ್ನು ವಾಚಕರು ಮನಸ್ಸಿನಲ್ಲಿಡಬೇಕು. ಮುಂದಿನ ಚರ್ಚೆಯೆಲ್ಲವೂ ಅದನ್ನೇ ಅವಲಂಬಿಸಿದೆ.

ಕಲ್ಲಿನ ಮೇಲೆ ಮನುಷ್ಯನ ಪೆಟ್ಟು ಬೀಳುವ ಬಗೆಯನ್ನು ಈಗ ನೋಡೋಣ. ಚಕಮಕಿ, ಕ್ವಾರ್ಟ್ಸೈಟ್, ಕಣ ಸಣ್ಣಗಿರುವ ಸುಣ್ಣಕಲ್ಲು ಮುಂತಾದ ಶಿಲೆಗಳು ಗಾಜು ಒಡೆಯುವಂತೆ ಒಡೆಯುತ್ತವೆ. ಇಂಥ ಕಲ್ಲಿನ ಅಂಚಿಗೆ ಇನ್ನೊಂದು ಕಲ್ಲಿನಿಂದ ಓರೆಯಾಗಿ, ಬಲವಾಗಿ ಹೊಡೆದರೆ ಪೆಟ್ಟಿನ ವೇಗವು ಒಳಗೆ ಶಂಕುವಿನ ಆಕಾರದಲ್ಲಿ ಹರಡಿ ಒಂದು ಚಕ್ಕೆ ಹಾರುತ್ತದೆ. ಆ ಚಕ್ಕೆಯ ನೆತ್ತಿಯ ಮೇಲೆ ಪೆಟ್ಟು ಬಿದ್ದ ಸಣ್ಣ ಸಮತಲವಿರುತ್ತದೆ. ಅದರ ಕೆಳಗೆ, ಒಳಮೈಯಲ್ಲಿ, ಚಿಪ್ಪಿನ ಬೆನ್ನಿನಂತೆ ಒಂದು ಉಬ್ಬು ಕಾಣುತ್ತದೆ. ಉಬ್ಬಿನಿಂದ ಮುಂದಕ್ಕೆ, ನೀರಿನಲ್ಲಿ ಕಲ್ಲೆಸೆದಾಗ ಏಳುವ ಅಲೆಗಳಂತೆ, ಬಳೆಬಳೆಯಾಗಿ ನವುರಾದ ಏರಿಳಿತಗಳು ಹಬ್ಬಿರುತ್ತವೆ. ಚಕ್ಕೆ ಕಳಚಿದ ತಿರುಳುಗಲ್ಲಿನ ಮೇಲೆ ಇದೇ ಗುರುತುಗಳು ತಿರುಗುಮುರುಗಾಗಿ, ಉಬ್ಬಿಗೆ ಬದಲು ತಗ್ಗಾಗಿ, ಮೂಡುತ್ತವೆ. ಬಿಸಿಲಿನ ತಾಪಕ್ಕೆ ಸಿಡಿದ ಕಲ್ಲಿನಲ್ಲಾಗಲಿ, ಹಿಮದಿಂದ ಒಡೆದ ಕಲ್ಲಿನಲ್ಲಾಗಲಿ ಪೆಟ್ಟಿನ ಬಿಂದುವೂ ಈ ಉಬ್ಬೂ ಇರುವುದಿಲ್ಲ. ವಿದ್ಯಾರ್ಥಿಗಳು ಇದನ್ನು ಓದಿ ತಿಳಿಯುವುದಕ್ಕಿಂತ ಒಂದು ದಪ್ಪ ಸೀಸೆಯ ತಳವನ್ನು ಎಚ್ಚರಿಕೆಯಿಂದ ಒಡೆದು ನೋಡುವುದು ಲೇಸು. ಕಣ್ಣಿಗೆ ಮಾತ್ರ ಏನನ್ನಾದರೂ ಅಡ್ಡ ಹಿಡಿದುಕೊಂಡಿರಬೇಕು.

ಆದರೆ ಎಲ್ಲ ಕಲ್ಲೂ ಹೀಗೆ ವಿಧೇಯವಾಗಿ ಒಡೆಯುವುದಿಲ್ಲ. ಬೆಂಗಳೂರಿನ ಸಮೀಪ ಜಾಲಹಳ್ಳಿಯಲ್ಲಿ ದೊರೆತ ಸೂಕ್ಷ್ಮ ಶಿಲೋಪಕರಣಗಳಂಥವನ್ನು ಮಾಡಲು ಬಳಸಿದ ಬೆಣಚುಕಲ್ಲಿನಲ್ಲಿ ಉಬ್ಬು ಮತ್ತು ಅಲೆಗಳು ಅನೇಕ ವೇಳೆ ಸ್ಪಷ್ಟವಾಗಿ ಕಾಣುವುದಿಲ್ಲ. ಇನ್ನೂ ದೊಡ್ಡ ತೊಡಕೆಂದರೆ ಪ್ರಕೃತಿಯೂ ಪೆಟ್ಟು ಹಾಕಬಲ್ಲದು ಎಂಬುದು. ಜಲಪಾತದ ತಳದಲ್ಲಿ ಕಲ್ಲಿನ ಮೇಲೆ ಕಲ್ಲು ಬೀಳುತ್ತದೆ. ಭೂಮಿಯೊಳಗೆ ಮಣ್ಣಿನ ಭಾರಕ್ಕೆ ಕಲ್ಲು ಕಲ್ಲನ್ನು ಒತ್ತಿ ಅಂಚನ್ನು ಮುರಿಯುತ್ತದೆ. ಈ ಕಾರಣದಿಂದ ಯೂರೋಪಿನಲ್ಲಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಒಂದು ವಿವಾದ ನಡೆಯಿತು. ಅದರಲ್ಲಿ ನಮಗೂ ಪಾಠವಿರುವುದರಿಂದ ಸ್ವಲ್ಪ ವಿವರವಾಗಿ ಹೇಳುವುದು ಅಪ್ರಸ್ತುತವಾಗದು.

ಇಂಗ್ಲೆಂಡಿನ ಕೆಂಟ್ ಪ್ರಾಂತದ ಐಟಮ್ ಗ್ರಾಮದಲ್ಲಿ ಬೆಂಜಮಿನ್ ಹ್ಯಾರಿಸನ್ ಎಂಬ ಕಿರಾಣಿ ಅಂಗಡಿಯವರಿದ್ದರು. ಸುತ್ತಣ ಬೆಟ್ಟಗಳ ಬಹು ಪ್ರಾಚೀನ ಗರಸಿನಲ್ಲಿ ಅವರು ಅಂಚು ಮುರಿದ ಒರಟು ಚಕಮಕಿ ಕಲ್ಲುಗಳನ್ನು ರಾಶಿರಾಶಿಯಾಗಿ ಸಂಗ್ರಹಿಸಿದರು. ಮನುಷ್ಯನು ಮೊಟ್ಟಮೊದಲು ಮಾಡಿದ ಉಪಕರಣಗಳು ಇವೇ ಎಂದು ಅವರ ದೃಢವಾದ ನಂಬಿಕೆ. ಇವಕ್ಕೆ ‘ಉಷಶ್ಶಿಲೆ’ಗಳು, ಎಂದರೆ ಮಾನವೇತಿಹಾಸದ ಉಷಃಕಾಲದ ಕಲ್ಲುಗಳು, ಎಂಬರ್ಥದ ಹೆಸರು ರೂಢಿಗೆ ಬಂದಿತು. ಸೊಮ್ಮ್ ಕಣಿವೆಯ ಕೊಡಲಿಗಳನ್ನು ೧೮೫೯ರಲ್ಲಿ ಪರೀಕ್ಷಿಸಿ ಒಪ್ಪಿದ ವಿದ್ವಾಂಸರಲ್ಲಿ ಒಬ್ಬರಾದ ಜೋಸೆಫ್ ಪ್ರೆಸ್ಟ್‌ವಿಚ್ ಅವರೇ ಮುಂದೆ ಹ್ಯಾರಿಸನ್ ಅವರ ಪಕ್ಷವನ್ನು ವಹಿಸಿದರು. ಒಮ್ಮೆ ಸರಿಯಾದ ನಿರ್ಣಯ ಕೊಟ್ಟವರು ಎಲ್ಲ ಕಾಲಕ್ಕೂ ಹಾಗೆಯೇ ಕೊಡುತ್ತಾರೆಂಬ ಭರವಸೆ ಈ ಶಾಸ್ತ್ರದಲ್ಲಿಲ್ಲ. ೧೯೦೫ರಲ್ಲಿ ಫ್ರಾನ್ಸಿನ ಮಾರ್ಸೆಲಿನ್ ಬೂಲ್ ಅವರು ಮಾಂತ್ ನಗರದ ಬಳಿಯ ಒಂದು ಸಿಮೆಂಟ್ ಕಾರ್ಖಾನೆಯತ್ತ ವಿದ್ವಾಂಸರ ಗಮನವನ್ನು ಸೆಳೆದರು. ಅಲ್ಲಿ ಸೀಮೆಸುಣ್ಣದ ಕಲ್ಲನ್ನು ನೀರಿನ ತೊಟ್ಟಿಯಲ್ಲಿ ಯಂತ್ರದಿಂದ ಕದಡುವಾಗ ಅದರಲ್ಲಿದ್ದ ಚಕಮಕಿ ಉಂಡೆಗಳು ಒಂದನ್ನೊಂದು ಬಡಿದುಕೊಂಡು ಹೊರಬರುತ್ತಿದ್ದುವು. ಅವುಗಳಲ್ಲಿ ಅನೇಕವು ಉಷಶ್ಶಿಲೆಗಳನ್ನೇ ಹೋಲುತ್ತಿದ್ದುವು. ಇಂಗ್ಲೆಂಡಿನ ಹ್ಯಾಜಲ್‌ಡೀನ್ ವಾರೆನ್ ಅವರು ೧೯೨೦ರಲ್ಲಿ, ನೆಲದ ಪದರಗಳ ಒತ್ತಡದಿಂದಲೇ ಇಂಥ ಕಲ್ಲುಗಳು ಆಗುತ್ತವೆಂದು ಒಂದು ನೈಸರ್ಗಿಕ ನಿಕ್ಷೇಪವನ್ನೇ ಆಧಾರವಾಗಿಟ್ಟು ತೋರಿಸಿದರು.

ವಿವಾದಕ್ಕೆ ಅಳತೆಯ ಮೂಲಕ ಪರಿಹಾರ ಹುಡುಕಿದವರು ಎ. ಎಸ್. ಬಾರ್ನೆಸ್. ಪೆಟ್ಟು ಬಿದ್ದ ತಲಕ್ಕೂ ಚಕ್ಕೆ ಕಳಚಿದ ಮುಖಕ್ಕೂ ನಡುವಣ ಕೋನವನ್ನು ಅವರು ನೂರಾರು ಕಲ್ಲುಗಳ ಮೇಲೆ ಅಳೆದರು. ಕುಶಲಿಯಾದ ಮನುಷ್ಯನು ಚಕ್ಕೆಯನ್ನು ಹಾರಿಸಬೇಕಾದರೆ ಆ ಕೋನ ಸಾಮಾನ್ಯವಾಗಿ ಲಘುವಾಗಿರುವ ಅಂಚನ್ನೇ ಆರಿಸಿಕೊಳ್ಳುತ್ತಾನೆ. ಪ್ರಕೃತಿಗೆ ಆ ಆಯ್ಕೆಯಿಲ್ಲ. ಒಂದು ನೆಲೆಯ ಕಲ್ಲುಗಳಲ್ಲಿ ೯೦ ಡಿಗ್ರಿ ಅಥವಾ ಅದಕ್ಕೆ ಮೇಲ್ಪಟ್ಟ ಕೋನಗಳು ನೂರಕ್ಕೆ ೨೫ಕ್ಕಿಂತ ಹೆಚ್ಚಾಗಿದ್ದರೆ ಆ ಸಂಗ್ರಹವನ್ನು ಮಾನವಕೃತವೆಂದು ಹೇಳಲಾಗದು ಎಂಬುದು ೧೯೩೯ರಲ್ಲಿ ಅವರು ಪ್ರಕಟಿಸಿದ ಸೂತ್ರ. ಈ ಸೂತ್ರದ ಸಂಖ್ಯೆಗಳ ವಿಷಯವಾಗಿ ಈಗ ಭಿನ್ನಾಭಿಪ್ರಾಯಗಳುಂಟು. ನಮ್ಮ ದೃಷ್ಟಿಯಲ್ಲಿ ಮುಖ್ಯವಾದುದು ಸಂಖ್ಯೆಯಲ್ಲ. ಒಂಟಿ ಕಲ್ಲನ್ನು ಹಿಡಿದು ‘ಇದು ಮನುಷ್ಯನದು’ ಎಂದು ತೀರ್ಪು ಕೊಡುವುದನ್ನು ಬಿಟ್ಟು, ಇಡೀ ಸಂಗ್ರಹದ ನಡವಳಿಕೆಯನ್ನು ಪರೀಕ್ಷಿಸಬೇಕೆಂಬ ಅವರ ಮಾರ್ಗವೇ ಮುಖ್ಯವಾದುದು.

ಈ ಶತಮಾನದಲ್ಲಿ ತೊಡಕಿಗೆ ಇನ್ನೊಂದು ತಿರುವು ಸೇರಿದೆ. ಬ್ರೆಜಿಲ್ ದೇಶದ ಸೆರ ದ ಕಪಿವಾರ ರಾಷ್ಟ್ರೀಯ ಉದ್ಯಾನದ ಕಾಪುಚಿನ್ ಕೋತಿಗಳು ಕಲ್ಲಿನಿಂದ ಕಲ್ಲನ್ನು ಕುಟ್ಟುತ್ತವೆ. ಆಗ ಹರಿತವಾದ ಚಕ್ಕೆಗಳು, ಮೇಲೆ ಹೇಳಿದ ಲಕ್ಷಣಗಳನ್ನೆಲ್ಲ ಹೊತ್ತು, ಉದುರುತ್ತವೆ ಎಂದು ೨೦೧೬ರಲ್ಲಿ ಪ್ರಕಟವಾಯಿತು. ಕೋತಿಗಳು ಆ ಚಕ್ಕೆಗಳನ್ನು ಬಳಸುವುದಿಲ್ಲ. ಥಾಯ್ಲೆಂಡಿನಲ್ಲಿ ಕಾಯಿ ಒಡೆಯುವ ಕೋತಿಗಳ ವಿಷಯದಲ್ಲಿಯೂ ೨೦೨೩ರಲ್ಲಿ ಇಂಥದೇ ವರದಿ ಬಂದಿತು. ಕೀನ್ಯದ ಲೊಮೆಕ್ವಿಯಲ್ಲಿ ದೊರೆತು ೨೦೧೫ರಲ್ಲಿ ಪ್ರಕಟವಾದ, ೩೩ ಲಕ್ಷ ವರ್ಷಗಳಷ್ಟು ಹಿಂದಿನವೆನ್ನಲಾದ ಉಪಕರಣಗಳನ್ನು ಕುರಿತು ವಿಚಾರಮಾಡುವವರು ಈ ಸಂಗತಿಯನ್ನು ಉಪೇಕ್ಷಿಸುವಂತಿಲ್ಲ. ಪೆಟ್ಟಿನ ಗುರುತು ಪೆಟ್ಟನ್ನು ಸಾರುತ್ತದೆ. ಪೆಟ್ಟು ಕೊಟ್ಟ ಕೈ ಯಾರದೆಂಬುದನ್ನು ಸಾರುವುದಿಲ್ಲ. ಅದಕ್ಕೆ ಬೇರೆ ಸಾಕ್ಷಿಗಳು ಬೇಕು.

ಅಂಥ ಸಾಕ್ಷಿಗಳು ಒಟ್ಟಾಗಿ ದೊರೆಯುವ ನೆಲೆ ನಮ್ಮ ನಾಡಿನಲ್ಲಿಯೇ ಇದೆ. ಯಾದಗಿರಿ ಜಿಲ್ಲೆಯ ಹುಣಸಗಿ ಮತ್ತು ಬೈಚಬಾಳ ಕಣಿವೆಗಳಲ್ಲಿ ಪ್ರೊ. ಕೆ. ಪದ್ದಯ್ಯ ಅವರು ಹಲವು ದಶಕಗಳ ಕಾಲ ನಡೆದಾಡಿ ಪ್ರಾಚೀನ ಶಿಲಾಯುಗದ ನೂರಕ್ಕೂ ಮಿಗಿಲಾದ ನೆಲೆಗಳನ್ನು ಗುರುತಿಸಿದರು. ಅವುಗಳಲ್ಲಿ ಇಸಾಂಪುರದ ನೆಲೆಯು ಉಪಕರಣ ತಯಾರಿಸುತ್ತಿದ್ದ ಸ್ಥಳವೇ ಆಗಿದೆ. ಅಲ್ಲಿ ಸಿಲಿಕಾಯುಕ್ತ ಸುಣ್ಣಕಲ್ಲು ಹಾಸುಹಾಸಾಗಿ ನೆಲದ ಮಟ್ಟಕ್ಕೆ ಬಂದಿದೆ. ಬಿರುಕುಬಿಟ್ಟ ಚಪ್ಪಡಿಗಳು ಸಹಜವಾಗಿಯೇ ಸಡಿಲವಾಗಿವೆ. ಪ್ರಾಚೀನ ಮಾನವರು ಅಂಥ ಚಪ್ಪಡಿಗಳನ್ನು ಎಬ್ಬಿಸಿ, ಅಂಚುಗಳಿಂದ ದೊಡ್ಡ ಚಕ್ಕೆಗಳನ್ನು ಹಾರಿಸಿ, ಕೈಗೊಡಲಿಗಳನ್ನೂ ಅಗಲವಾದ ಬಾಯಿಯ ಸೀಳುಗೊಡಲಿಗಳನ್ನೂ ಮಾಡಿದರು. ಈಗ ಪ್ರಶ್ನೆ ಇದು: ಸಹಜವಾಗಿ ಒಡೆದ ಸುಣ್ಣಕಲ್ಲಿನ ತುಂಡುಗಳೇ ತುಂಬಿರುವ ಜಾಗದಲ್ಲಿ ಮನುಷ್ಯನು ಒಡೆದ ಸುಣ್ಣಕಲ್ಲನ್ನು ಬೇರ್ಪಡಿಸುವುದು ಹೇಗೆ? ಉತ್ತರವು ಅವುಗಳ ಸಂಗಾತಿಗಳಿಂದ ದೊರೆಯುತ್ತದೆ. ಅದೇ ಮಟ್ಟದಲ್ಲಿ ಬೆಸಾಲ್ಟ್, ಚರ್ಟ್, ಕ್ವಾರ್ಟ್ಸೈಟ್ ಜಾತಿಯ ಬಡಿಗಲ್ಲುಗಳು ಸಿಕ್ಕಿವೆ. ಅವು ಸುಣ್ಣಕಲ್ಲಿನ ಹಾಸಿನಿಂದ ಹುಟ್ಟಿದವಲ್ಲ. ಅವುಗಳ ತುದಿಗಳು ಬಡಿದು ಬಡಿದು ಜಜ್ಜಿಹೋಗಿವೆ. ತಿರುಳುಗಲ್ಲು, ಅದರಿಂದ ಹಾರಿದ ಚಕ್ಕೆ, ಅರ್ಧಕ್ಕೆ ಬಿಟ್ಟ ಕೊಡಲಿ, ಪೂರ್ಣವಾದ ಕೊಡಲಿ, ಸಣ್ಣ ಪುಡಿಚಕ್ಕೆಗಳು, ಇವೆಲ್ಲ ಒಂದೇ ನೆಲದ ಮೇಲೆ ಗುಂಪುಗುಂಪಾಗಿ ಬಿದ್ದಿವೆ. ಕೆಲಸದ ಎಲ್ಲ ಹಂತಗಳೂ ಅಲ್ಲಿ ಒಟ್ಟಿಗಿವೆ. ಇವುಗಳ ಜೊತೆಗೆ ದೊರೆತ ಪ್ರಾಣಿಗಳ ಹಲ್ಲುಗಳನ್ನು ಪರೀಕ್ಷಿಸಿ ಈ ನೆಲೆಗೆ ಸುಮಾರು ೧೨ ಲಕ್ಷ ವರ್ಷಗಳ ಪ್ರಾಚೀನತೆಯನ್ನು ೨೦೦೨ರಲ್ಲಿ ಸೂಚಿಸಲಾಗಿದೆ. ಮದರಾಸಿನ ವಾಯವ್ಯಕ್ಕಿರುವ ಅತ್ತಿರಂಪಾಕ್ಕಂ ನೆಲೆಗೆ, ಎಂದರೆ ೧೮೬೩ರಲ್ಲಿಯೇ ಫೂಟ್ ಮತ್ತು ವಿಲಿಯಂ ಕಿಂಗ್ ಅವರು ಕಂಡ ನೆಲೆಗೆ, ಸುಮಾರು ೧೫ ಲಕ್ಷ ವರ್ಷಗಳೆಂದು ೨೦೧೧ರಲ್ಲಿ ನಿರ್ಣಯಿಸಿದ್ದಾರೆ.

ಇಸಾಂಪುರದಿಂದ ಒಂದು ಚಕ್ಕೆಯನ್ನು ಯಾರಾದರೂ ಜೇಬಿನಲ್ಲಿ ಹಾಕಿಕೊಂಡು ಬಂದು ಕಾಲೇಜಿನ ಗಾಜಿನ ಕಪಾಟಿನಲ್ಲಿ ಇಟ್ಟರೆಂದು ಭಾವಿಸೋಣ. ಕಲ್ಲು ಅದೇ; ಉಬ್ಬೂ ಅಲೆಗಳೂ ಹಾಗೆಯೇ ಇವೆ. ಆದರೆ ಬಡಿಗಲ್ಲು ಅಲ್ಲಿಯೇ ಉಳಿಯಿತು, ತಿರುಳುಗಲ್ಲು ಅಲ್ಲಿಯೇ ಉಳಿಯಿತು. ಮೂರು ಸಾಕ್ಷಿಗಳಲ್ಲಿ ಎರಡು ಹೋದುವು. ನಾವು ನೋಡಿರುವ ಕೆಲವು ಸಂಗ್ರಹಗಳಲ್ಲಿ ‘ಶಿಲಾಯುಗದ ಆಯುಧ’ ಎಂಬಷ್ಟೇ ಬರಹದ ಚೀಟಿಯೊಡನೆ, ಊರ ಹೆಸರೂ ಇಲ್ಲದೆ, ಕಲ್ಲುಗಳು ಧೂಳು ತಿನ್ನುತ್ತಿವೆ. ಅವುಗಳಲ್ಲಿ ಕೆಲವು ನಿಜಕ್ಕೂ ಉಪಕರಣಗಳೇ ಇದ್ದಾವು. ಅವುಗಳಿಂದ ಇನ್ನು ಇತಿಹಾಸವನ್ನು ಬರೆಯಲಾಗದು.

ಪ್ರಭೇದಗಳ ವಿಷಯ. ಪ್ರಾಚೀನ ಶಿಲಾಯುಗದ ಉಪಕರಣಗಳನ್ನು ತಿರುಳುಗಲ್ಲಿನಿಂದ ಮಾಡಿದವು, ಚಕ್ಕೆಯಿಂದ ಮಾಡಿದವು ಎಂದು ಎರಡಾಗಿ ಎಣಿಸುವುದು ಹಳೆಯ ಕ್ರಮ. ನದಿಯ ಗುಂಡುಕಲ್ಲಿನ ಒಂದು ಅಂಚನ್ನು ಮಾತ್ರ ಒಡೆದು ಮಾಡಿದ ಕೊಚ್ಚುಗಲ್ಲು, ಎರಡು ಮುಖಗಳನ್ನೂ ಕೆತ್ತಿ ಬಾದಾಮಿಯ ಆಕಾರಕ್ಕೆ ತಂದ ಕೈಗೊಡಲಿ, ಚರ್ಮ ಮತ್ತು ಕಟ್ಟಿಗೆಗಳನ್ನು ಹೆರೆಯಲು ಅಂಚು ತಿದ್ದಿದ ಚಕ್ಕೆ, ಇವು ಮುಖ್ಯ ರೂಪಗಳು. ಹೆಸರುಗಳು ಮಾತ್ರ ನಾವು ಕೊಟ್ಟವು. ಕೈಗೊಡಲಿಯಿಂದ ಕೊಡಲಿಯ ಕೆಲಸವನ್ನೇ ಮಾಡುತ್ತಿದ್ದರೆಂದು ಹೆಸರಿನಿಂದ ನಿರ್ಧರಿಸಕೂಡದು. ಮಲಪ್ರಭಾ ನದಿಯ ಕಣಿವೆಯಲ್ಲಿ ಡಾ. ಆರ್. ವಿ. ಜೋಶಿ ಅವರು ನಡೆಸಿ ೧೯೫೫ರಲ್ಲಿ ಪ್ರಕಟಿಸಿದ ಅಧ್ಯಯನವೂ, ಮೈಸೂರು ವಿಶ್ವವಿದ್ಯಾನಿಲಯದ ಡಾ. ಎಂ. ಶೇಷಾದ್ರಿ ಅವರ ೧೯೫೬ರ ಗ್ರಂಥವೂ ಕರ್ನಾಟಕದ ಶಿಲೋಪಕರಣಗಳನ್ನು ಕ್ರಮಬದ್ಧವಾಗಿ ವಿವೇಚಿಸಿದ ಮೊದಮೊದಲ ಕೃತಿಗಳಲ್ಲಿ ಸೇರಿವೆ. ಅನಂತರದ ಕಾಲದ ಸೂಕ್ಷ್ಮ ಶಿಲೋಪಕರಣಗಳು ಅನೇಕ ವೇಳೆ ಉಗುರಿನಷ್ಟು ಚಿಕ್ಕವು. ಇವನ್ನು ಒಂದೊಂದಾಗಿ ಕೈಯಲ್ಲಿ ಹಿಡಿದು ಬಳಸಿದಂತಿಲ್ಲ. ಮರ ಅಥವಾ ಮೂಳೆಯ ಹಿಡಿಯಲ್ಲಿ ಅಂಟಿನಿಂದ ಸಾಲಾಗಿ ಕೂರಿಸುತ್ತಿದ್ದರು. ಮರ ಕೊಳೆತು ಹೋಗಿದೆ. ನಮಗೆ ಸಿಗುವುದು ಬಹುತೇಕ ಉಪಕರಣದ ಹಲ್ಲು ಮಾತ್ರ ಎಂಬುದನ್ನು ಮರೆಯಬಾರದು.

ನೂತನ ಶಿಲಾಯುಗದ ಉಜ್ಜಿದ ಕೊಡಲಿಯ ವಿಷಯದಲ್ಲಿ ಸಂದೇಹಕ್ಕೆ ಎಡೆಯಿಲ್ಲವೆಂದೇ ತೋರಬಹುದು. ಆ ನುಣುಪು, ಆ ಸಮರೂಪತೆ ಪ್ರಕೃತಿಯಿಂದ ಆಗುವಂಥದಲ್ಲ. ಆದರೂ ಯೂರೋಪಿನಲ್ಲಿಯೂ ನಮ್ಮ ದೇಶದಲ್ಲಿಯೂ ಬಹುಕಾಲ ಜನರು ಇವನ್ನು ಸಿಡಿಲಿನೊಡನೆ ಬಿದ್ದ ಕಲ್ಲುಗಳೆಂದು ನಂಬಿದ್ದರು. ಇದನ್ನು ಹಳ್ಳಿಗರ ಅಜ್ಞಾನವೆಂದು ನಗುವ ವಿದ್ಯಾವಂತರು ಒಂದನ್ನು ಗಮನಿಸಬೇಕು: ಆ ಕಲ್ಲು ಹೊಲದ ಉಳಿದ ಕಲ್ಲುಗಳಂತಲ್ಲ ಎಂಬುದನ್ನು ರೈತನು ಸರಿಯಾಗಿಯೇ ಕಂಡಿದ್ದನು. ಕಾರಣವನ್ನು ಮಾತ್ರ ಆಕಾಶಕ್ಕೆ ಆರೋಪಿಸಿದನು. ಬಳ್ಳಾರಿಯ ಸಮೀಪದ ಸಂಗನಕಲ್ಲು ಮತ್ತು ಕಪ್ಪಗಲ್ಲಿನ ಬೆಟ್ಟಗಳಲ್ಲಿ ಇಂಥ ಕೊಡಲಿಗಳ ತಯಾರಿಕೆಯ ಬಹುದೊಡ್ಡ ನೆಲೆಯಿದೆ. ಗ್ರಾನೈಟ್ ಬೆಟ್ಟವನ್ನು ಸೀಳಿಕೊಂಡು ಹೋಗುವ ಕರಿಯ ಡಾಲರೈಟ್ ಶಿಲೆಯ ಪಟ್ಟೆಯಿಂದ ಕಲ್ಲನ್ನು ತೆಗೆದು, ಒಡೆದು ಆಕಾರಕ್ಕೆ ತಂದು, ಕುಟ್ಟಿ ಒರಟನ್ನು ನೀಗಿ, ಬಂಡೆಗಳ ಮೇಲೆ ನೀರು ಮರಳು ಹಾಕಿ ಉಜ್ಜುತ್ತಿದ್ದರು. ಉಜ್ಜಿದ ಬಂಡೆಗಳಲ್ಲಿ ನೀಳವಾದ ತೋಡುಗಳು ಇಂದಿಗೂ ಕಾಣುತ್ತವೆ. ಕೊಡಲಿಯನ್ನು ಜೇಬಿನಲ್ಲಿ ಒಯ್ಯಬಹುದು, ತೋಡನ್ನು ಒಯ್ಯಲಾಗದು. ಆದರೆ ಎರಡೂ ಒಂದೇ ಕೆಲಸದ ಎರಡು ಮುಖಗಳು, ಎರಡೂ ಮಾನವಕೃತವೇ.

ಅದೇ ಬೆಟ್ಟದ ಡಾಲರೈಟ್ ಬಂಡೆಗಳಲ್ಲಿ ಕೆಲವು ಕಲ್ಲಿನಿಂದ ಹೊಡೆದರೆ ಜಾಗಟೆಯಂತೆ ನಾದ ಕೊಡುತ್ತವೆ. ಅವುಗಳ ಮೇಲೆ ಬಡಿದು ಬಡಿದು ಆದ ಬಟ್ಟಲುಗುಳಿಗಳಿವೆ. ಪಕ್ಕದಲ್ಲಿ ಗೂಳಿಗಳ ಮತ್ತು ಮನುಷ್ಯರ ಚಿತ್ರಗಳನ್ನು ಕುಟ್ಟಿ ಮೂಡಿಸಿದ್ದಾರೆ. ನಿಕೋಲ್ ಬೊಯ್ವಿನ್ ಅವರು ೨೦೦೪ರಲ್ಲಿ ಈ ಗುಳಿಗಳು ನಾದಕ್ಕಾಗಿಯೇ ಹೊಡೆದುದರಿಂದ ಆದವೆಂದು ವಾದಿಸಿದರು. ಬಂಡೆಯನ್ನು ಯಾರೂ ಮಾಡಲಿಲ್ಲ, ನಾದದ ಗುಣವನ್ನೂ ಯಾರೂ ಮಾಡಲಿಲ್ಲ. ಗುಳಿ ಮಾತ್ರ ಮನುಷ್ಯನದು. ಮಸ್ಕಿಯ ಬಂಡೆಯೂ ಹೀಗೆಯೇ: ಬಂಡೆ ಪ್ರಕೃತಿಯದು, ಅಕ್ಷರ ಮನುಷ್ಯನದು. ೧೯೧೫ರಲ್ಲಿ ಅಲ್ಲಿ ಅಶೋಕನ ಹೆಸರೇ ಓದಿಬಂದಾಗ ‘ದೇವಾನಾಂಪ್ರಿಯ’ನು ಯಾರೆಂಬ ಪ್ರಶ್ನೆ ಇತ್ಯರ್ಥವಾಯಿತೆಂಬುದನ್ನು ನಾವೆಲ್ಲರೂ ಪಾಠಮಾಡುತ್ತೇವೆ. ಮಸ್ಕಿಯನ್ನು ಪಾಠಮಾಡುವವರು ಕಪ್ಪಗಲ್ಲನ್ನು ಬಿಡಲು ಕಾರಣ ಕಾಣದು. ಕಲ್ಲುಗಣಿಗಾರಿಕೆಯಿಂದ ಅಲ್ಲಿನ ಬಂಡೆಗಳಿಗೂ ಚಿತ್ರಗಳಿಗೂ ಅಪಾಯವೊದಗಿದೆಯೆಂದು ೨೦೦೪ರ ವೇಳೆಗಾಗಲೇ ಸಂಶೋಧಕರು ಎಚ್ಚರಿಸಿದ್ದರು.

ಮಡಕೆಯ ವಿಷಯದಲ್ಲಿ ನಮ್ಮ ಪ್ರಶ್ನೆ ಏಳುವುದೇ ಇಲ್ಲ. ಸುಟ್ಟ ಮಣ್ಣಿನ ಪಾತ್ರೆಯನ್ನು ಪ್ರಕೃತಿ ಮಾಡದು. ಹೊಲದಲ್ಲಿ ಎಲ್ಲೆಲ್ಲಿಯೂ ಸಿಗುವುದರಿಂದಲೇ ಅದಕ್ಕೆ ಬೆಲೆ ಕಡಮೆಯೆಂದು ತಿಳಿಯುವ ವಿದ್ಯಾರ್ಥಿಗಳಿಗೆ ಒಂದು ಮಾತು ಹೇಳಿದರೆ ಸಾಕು: ೧೯೪೭ರಲ್ಲಿ ಬ್ರಹ್ಮಗಿರಿಯಲ್ಲಿ ಅಗೆತ ನಡೆಸಿದ ಮಾರ್ಟಿಮರ್ ವೀಲರ್ ಅವರು ಶಿಲಾಕೊಡಲಿಯ ಸಂಸ್ಕೃತಿ, ಬೃಹತ್ ಶಿಲಾ ಸಮಾಧಿಗಳ ಸಂಸ್ಕೃತಿ, ಆಂಧ್ರ ಸಂಸ್ಕೃತಿಗಳೆಂಬ ಮೂರು ಸ್ತರಗಳನ್ನು ಬೇರ್ಪಡಿಸಿದುದು ಬಹುಮಟ್ಟಿಗೆ ಮಡಕೆ ಚೂರುಗಳ ಬಲದಿಂದಲೇ. ಅರಿಕಮೇಡುವಿನಲ್ಲಿ ೧೯೪೫ರಲ್ಲಿ ರೋಮನ್ ಪಾತ್ರೆಗಳೊಡನೆ ದೊರೆತಿದ್ದ ಒಂದು ಬಗೆಯ ಮಡಕೆ ಬ್ರಹ್ಮಗಿರಿಯ ಮೇಲಿನ ಸ್ತರದಲ್ಲಿ ಕಾಣಿಸಿಕೊಂಡುದೇ ಅವರ ಕಾಲಗಣನೆಗೆ ಕೀಲಿಕೈಯಾಯಿತು. ಮಣಿ, ಬಳೆ, ಲೋಹದ ವಸ್ತು, ನಾಣ್ಯಗಳ ವಿಷಯವನ್ನು ಇಲ್ಲಿ ಬೆಳೆಸುವುದಿಲ್ಲ. ಅವುಗಳಲ್ಲಿ ಪ್ರಶ್ನೆಯಿರುವುದು ಯಾವ ಕಾಲದ್ದು, ಎಲ್ಲಿಂದ ಬಂದುದು ಎಂಬುದೇ ಹೊರತು ಮನುಷ್ಯನದೋ ಅಲ್ಲವೋ ಎಂಬುದಲ್ಲ.

ಇದಕ್ಕೆ ವ್ಯತಿರಿಕ್ತವಾಗಿ, ವಸ್ತುವು ಬೆಟ್ಟದಷ್ಟು ದೊಡ್ಡದಾದಾಗ ಅದು ಮಾನವಕೃತವೆಂಬುದೇ ತೋಚದೆ ಹೋಗುತ್ತದೆ. ಬಳ್ಳಾರಿ, ರಾಯಚೂರು ಮತ್ತು ಯಾದಗಿರಿಯ ಸೀಮೆಗಳಲ್ಲಿರುವ ಬೂದಿದಿಬ್ಬಗಳು ಇದಕ್ಕೆ ನಿದರ್ಶನ. ಕೆಲವು ಎತ್ತರವಾಗಿ ಗುಡ್ಡದಂತೆಯೇ ಇವೆ. ಒಳಗೆ ಬಿಳಿಯ, ಬೂದುಬಣ್ಣದ ಬೂದಿಯ ಪದರಗಳು. ನಡುನಡುವೆ ತೀವ್ರವಾದ ಶಾಖಕ್ಕೆ ಕರಗಿ ಕಿಟ್ಟದಂತೆ ಗಟ್ಟಿಯಾದ ಗಾಜಿನಂಥ ಹೆಂಟೆಗಳು. ಹಂಪೆಯ ಬಳಿಯ ನಿಂಬಾಪುರದ ದಿಬ್ಬವನ್ನು ಜನರು ವಾಲಿಯನ್ನು ದಹಿಸಿದ ಬೂದಿಯೆಂದು ಹೇಳುತ್ತಾರೆ. ವಿದ್ವಾಂಸರೂ ಹಿಂದೆ ಬಿದ್ದಿರಲಿಲ್ಲ: ಜ್ವಾಲಾಮುಖಿಯ ಉಳಿಕೆಯೆಂದು ಕೆಲವರು, ಕಬ್ಬಿಣ ಕರಗಿಸಿದ ಕಿಟ್ಟವೆಂದು ಕೆಲವರು ಬರೆದರು. ಅದು ದನದ ಸಗಣಿ ಸುಟ್ಟ ಬೂದಿಯೆಂದು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಊಹಿಸಿದವರು ಫೂಟ್. ೧೯೫೭ರಲ್ಲಿ ರೇಮಂಡ್ ಆಲ್ಚಿನ್ ಅವರು ಉತ್ನೂರಿನ ದಿಬ್ಬವನ್ನು ಅಗೆದಾಗ ದನದ ದೊಡ್ಡಿಯ ಸುತ್ತ ನೆಟ್ಟ ಗೂಟಗಳ ಕುಳಿಗಳ ಸಾಲುಗಳೂ, ಬೂದಿಯಲ್ಲಿ ಅಚ್ಚೊತ್ತಿದ ದನಗಳ ಗೊರಸಿನ ಗುರುತುಗಳೂ ದೊರೆತುವು. ಎಫ್. ಇ. ಜ್ಯೂನರ್ ಅವರು ೧೯೬೦ರಲ್ಲಿ ಪ್ರಕಟಿಸಿದ ಪ್ರಯೋಗಾಲಯದ ಪರೀಕ್ಷೆ ಸಗಣಿಯ ಬೂದಿಯೆಂಬುದನ್ನು ಖಚಿತಪಡಿಸಿತು. ಕ್ರಿ.ಪೂ. ಮೂರನೆಯ ಮತ್ತು ಎರಡನೆಯ ಸಹಸ್ರಮಾನಗಳ ಪಶುಪಾಲಕರು ಅದನ್ನು ಕೂಡಿಹಾಕಿ ಮತ್ತೆ ಮತ್ತೆ ಸುಟ್ಟಿದ್ದರು. ಏಕೆ ಸುಟ್ಟರೆಂಬುದರಲ್ಲಿ ಮತಭೇದವಿದೆ: ಆಲ್ಚಿನ್ ಅವರು ಅದರಲ್ಲಿ ವರ್ಷಾವರ್ತಿ ಹಬ್ಬದ ಬೆಂಕಿಯ ಛಾಯೆಯನ್ನು ಕಂಡರು, ಬೂದಿಹಾಳದಲ್ಲಿ ಅಗೆತ ನಡೆಸಿದ ಪದ್ದಯ್ಯನವರಿಗೆ ದಿಬ್ಬದ ಪಕ್ಕದಲ್ಲಿಯೇ ವಾಸದ ನೆಲೆಯೂ, ಪ್ರಾಣಿಗಳನ್ನು ಕಡಿದು ಹಂಚಿದ ಕಲ್ಲುಹಾಸಿನ ಅಂಗಳವೂ ದೊರೆತುವು. ಬೂದಿಹಾಳವೆಂಬ ಊರ ಹೆಸರೇ ದಿಬ್ಬದ ಸಂಗತಿಯನ್ನು ಹೊತ್ತಿದೆಯೆಂಬುದನ್ನು ಸ್ಥಳನಾಮಗಳ ಅಭ್ಯಾಸಿಗಳು ಲಕ್ಷಿಸಬೇಕು.

ಇಲ್ಲಿ ಒಂದೊಂದು ವಸ್ತುವೂ ನೈಸರ್ಗಿಕ. ಸಗಣಿ ದನದ್ದು, ಬೂದಿ ಬೆಂಕಿಯದು, ಗೊರಸಿನ ಗುರುತು ಪ್ರಾಣಿಯದು. ಕೂಡಿಹಾಕಿದ ಕ್ರಿಯೆ ಮಾತ್ರ ಮನುಷ್ಯನದು. ಕೈಯಲ್ಲಿ ಎತ್ತಲಾಗದ, ಎತ್ತಿದರೆ ನಾಶವಾಗುವ ಇಂಥವನ್ನು (ಒಲೆ, ಗೂಟದ ಕುಳಿ, ಹಗೇವು, ಸಮಾಧಿ ಮೊದಲಾದವೂ ಇದರಲ್ಲಿ ಸೇರುತ್ತವೆ) ಶಾಸ್ತ್ರಜ್ಞರು ಬಿಡಿ ವಸ್ತು ಎನ್ನದೆ ‘ನೆಲೆಯ ಅಂಗ’ಗಳೆಂದು ಬೇರೆ ಎಣಿಸುತ್ತಾರೆ. ಇನ್ನು ಮೂಳೆ, ಬೀಜ, ಪರಾಗಗಳಂಥ ಜೈವಿಕ ಉಳಿಕೆಗಳದು ಮೂರನೆಯ ವರ್ಗ. ಸಂಗನಕಲ್ಲು ಮೊದಲಾದ ನೂತನ ಶಿಲಾಯುಗದ ನೆಲೆಗಳ ಮಣ್ಣನ್ನು ನೀರಿನಲ್ಲಿ ಕದಡಿ ತೇಲಿಸಿದಾಗ ಕರಿದ ಹುರುಳಿ, ಹೆಸರು ಮತ್ತು ಕೊರಲೆಯಂಥ ಕಿರುಧಾನ್ಯಗಳ ಕಾಳುಗಳು ದೊರೆತಿವೆ. ಕಾಳನ್ನು ಮನುಷ್ಯನು ಮಾಡಲಿಲ್ಲವೆಂದು ಇವನ್ನು ಮಾನವಕೃತದಿಂದ ಹೊರಗಿಡುವುದು ವಾಡಿಕೆ. ನಮಗೆ ಈ ಗೆರೆ ಅಷ್ಟೇನೂ ಗಟ್ಟಿಯಾಗಿ ತೋರುವುದಿಲ್ಲ. ತಲೆತಲಾಂತರಗಳಿಂದ ಆರಿಸಿ ಬಿತ್ತಿದ ಹುರುಳಿಯು ಕಾಡುಹುರುಳಿಯಂತೆ ಇರುವುದಿಲ್ಲ.

ಕಾನೂನಿನ ಲಕ್ಷಣವು ಇವೆಲ್ಲಕ್ಕಿಂತ ಬೇರೆ. ೧೯೭೨ರ ಪುರಾವಸ್ತುಗಳು ಮತ್ತು ಕಲಾನಿಧಿಗಳ ಅಧಿನಿಯಮದಲ್ಲಿ ನೂರು ವರ್ಷಗಳಿಗೆ ಕಡಮೆಯಿಲ್ಲದ ವಸ್ತು, ಹಸ್ತಪ್ರತಿಗಳಾದರೆ ಎಪ್ಪತ್ತೈದು ವರ್ಷಗಳಿಗೆ ಕಡಮೆಯಿಲ್ಲದವು, ಪುರಾವಸ್ತುಗಳೆನಿಸುತ್ತವೆ. ಅಲ್ಲಿ ಮುಖ್ಯವಾದುದು ವಯಸ್ಸು ಮತ್ತು ಮಹತ್ವ. ಅವು ದೊರೆತ ಪರಿಸರವನ್ನು ಆ ಲಕ್ಷಣವು ಕೇಳುವುದಿಲ್ಲ. ಅದನ್ನು ಕೇಳಬೇಕಾದವರು ನಾವು. ವಿದ್ಯಾರ್ಥಿಗಳು ಹೊಲದಲ್ಲಿ ಇಂಥ ಕಲ್ಲನ್ನು ಕಂಡರೆ ಎತ್ತುವ ಮೊದಲು ಅದು ಬಿದ್ದ ಬಗೆಯನ್ನು ಚಿತ್ರ ತೆಗೆದುಕೊಳ್ಳಲಿ; ಊರು, ಹೊಲದ ಸರ್ವೆ ನಂಬರು, ಹಳ್ಳ ಅಥವಾ ಬೆಟ್ಟದಿಂದ ಇರುವ ದೂರ, ಮಣ್ಣಿನ ಬಣ್ಣ, ಪಕ್ಕದಲ್ಲಿ ಮತ್ತೇನಿತ್ತು ಎಂಬುದನ್ನು ಅಲ್ಲಿಯೇ ನಿಂತು ಬರೆದುಕೊಳ್ಳಲಿ; ಪುರಾತತ್ತ್ವ ಇಲಾಖೆಗೆ ತಿಳಿಸಿ, ಕಲ್ಲನ್ನು ಅದರ ಜಾಗದಲ್ಲಿಯೇ ಬಿಡಲಿ. ಫೂಟ್ ಅವರ ಸಂಗ್ರಹವನ್ನು ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯವು ೧೯೦೪ರಲ್ಲಿ ಪಡೆದುಕೊಂಡಿತು. ಅದರ ಪಟ್ಟಿಯೂ ಟಿಪ್ಪಣಿಗಳೂ, ಅವರು ೧೯೧೨ರಲ್ಲಿ ತೀರಿಕೊಂಡ ಮೇಲೆ, ೧೯೧೪ ಮತ್ತು ೧೯೧೬ರಲ್ಲಿ ಅಚ್ಚಾದುವು. ಅವುಗಳಲ್ಲಿ ವಸ್ತುಗಳನ್ನು ದೊರೆತ ಊರು ಮತ್ತು ನೆಲೆಗಳಿಗೆ ಅನುಸಾರವಾಗಿ ಜೋಡಿಸಿದೆ. ಅವರು ಗುರುತಿಸಿದ್ದ ಸಂಗನಕಲ್ಲಿನಲ್ಲಿ ಮುಂದೆ ಡಾ. ಬಿ. ಸುಬ್ಬರಾವ್ ಅವರು ಅಗೆತ ನಡೆಸಿದರು. ಕರಿದ ಕಾಳುಗಳನ್ನು ಹುಡುಕಿ ಈ ಶತಮಾನದ ಸಂಶೋಧಕರು ಹೋದುದೂ ಅದೇ ಬೆಟ್ಟಗಳಿಗೆ.